ಬಾಯಲ್ಲಿ ಬಿಳಿ ಪದರ ಕಟ್ಟಿದೆಯಾ? ಮೊದಲು ಒರೆಸಿ ನೋಡಿ

ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ನಾಲಿಗೆ, ಕೆನ್ನೆಯ ಒಳಭಾಗ, ಅಂಗುಳ ನೋಡಿ. ಮೊಸರಿನ ಕೆನೆಯಂಥ ಪದರ ಕಂಡರೆ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಮೆಲ್ಲಗೆ ಒರೆಸಿ. ಎದ್ದು ಬಂದು, ಕೆಳಗೆ ಕೆಂಪಗಾಗಿ ಉರಿದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಫಂಗಸ್. ಒರೆಸಿದರೂ ಹೋಗದ ಮಚ್ಚೆಯ ಕಥೆಯೇ ಬೇರೆ. ಅದರಲ್ಲೂ ಗುಟ್ಕಾ, ತಂಬಾಕು, ಅಡಿಕೆ ಹಾಕುವವರು ತಡ ಮಾಡದೆ ದಂತವೈದ್ಯರಿಗೆ ತೋರಿಸಿ, ಕ್ಯಾನ್ಸರ್‌ಗೆ ತಿರುಗುವ ಮಚ್ಚೆಗಳೂ ಇರುತ್ತವೆ.

ಈ ಫಂಗಸ್ ಬಹಳ ಜನರ ಬಾಯಲ್ಲಿ ಮೊದಲೇ ಇರುತ್ತದೆ. ದೇಹದ ರೋಗ ತಡೆಯುವ ಶಕ್ತಿ ಕುಗ್ಗಿದಾಗ ಅದು ಜಾಸ್ತಿ ಬೆಳೆಯುತ್ತದೆ, ಅಷ್ಟೇ. ಹಾಗಾಗಿ ಕಾರಣ ಹುಡುಕಿ: ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕ್ಯಾನ್ಸರ್‌ಗೆ ಕೊಡುವ ಕೀಮೋ, ಆ್ಯಂಟಿಬಯಾಟಿಕ್, ಸ್ಟೀರಾಯ್ಡ್. ಆಸ್ತಮಾಗೆ ಸ್ಟೀರಾಯ್ಡ್ ಇನ್ಹೇಲರ್ ಎಳೆಯುವವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಬೇಕು. ಕಟ್ಟಿಸಿದ ಹಲ್ಲಿನ ಸೆಟ್ ರಾತ್ರಿ ತೆಗೆದಿಡಿ.

ಏನೂ ಕಾರಣ ಕಾಣದಿದ್ದರೆ ಶುಗರ್ ಜೊತೆ ಎಚ್‌ಐವಿ ಟೆಸ್ಟೂ ಮಾಡಿಸಿ. ಮುಜುಗರ ಬೇಡ, ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ (ಎಚ್‌ಐವಿ ಸಲಹೆ, ಪರೀಕ್ಷೆ) ಕೇಂದ್ರದಲ್ಲಿ ಉಚಿತ, ಗುಟ್ಟಾಗಿಯೂ ಇಡುತ್ತಾರೆ.

ಸುಮ್ನೆ ಬಿ ಕಾಂಪ್ಲೆಕ್ಸ್ ನುಂಗುತ್ತಾ ಕೂತರೆ ಇದು ಹೋಗುವುದಿಲ್ಲ. ಸಾಮಾನ್ಯವಾಗಿ ಬಾಯೊಳಗೆ ಹಚ್ಚುವ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಕೊಡುತ್ತಾರೆ, 7ರಿಂದ 14 ದಿನ, ಬಿಳಿ ಹೋಯ್ತು ಅಂತ ಮಧ್ಯೆ ನಿಲ್ಲಿಸಬೇಡಿ. ಫಂಗಸ್‌ಗೆ ಕೊಡುವ ಫ್ಲುಕೋನಜೋಲ್ ಮಾತ್ರೆಯನ್ನು ನೀವೇ ಅಂಗಡಿಯಿಂದ ತರಬೇಡಿ, ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಅದು ಅಪಾಯ. ನುಂಗುವಾಗ ಎದೆ ನೋವು ಬಂದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು, ಅವತ್ತೇ ಡಾಕ್ಟರ್ ಹತ್ತಿರ ಹೋಗಿ.