ಹಳೆಯ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಕಾರ್ಡ್ ಬದಲಿಸುವುದು ಹೇಗೆ?

ಪರದೆಯ ತುಂಬ ಬಣ್ಣದ ಗೆರೆಗಳು, ಅಕ್ಷರಗಳ ನಡುವೆ ಚೆದುರಿದ ಚಿಕ್ಕ ಚೌಕಗಳು, ವಿಡಿಯೊ ತೆರೆದ ಕೂಡಲೇ ಅಲುಗದೆ ನಿಲ್ಲುವ ಯಂತ್ರ, ಫ್ಯಾನ್ ತಿರುಗುತ್ತಿದ್ದರೂ ಕಪ್ಪಾಗಿಯೇ ಉಳಿಯುವ ಪರದೆ: ಇವು ಪರದೆಗೆ ಚಿತ್ರ ಮೂಡಿಸಿಕೊಡುವ ಗ್ರಾಫಿಕ್ಸ್ ಕಾರ್ಡ್ ಕೆಡುತ್ತಿರುವುದರ ಲಕ್ಷಣಗಳು. ಮದುವೆ ವಿಡಿಯೊ ಎಡಿಟ್ ಮಾಡುವವರು, ಮನೆಯ ನಕ್ಷೆ ಬರೆಯುವ ಎಂಜಿನಿಯರುಗಳು, ಹೋಂಸ್ಟೇಗಳಿಗೆ ಫೋಟೊ ತೆಗೆದುಕೊಡುವವರು ಕಂಪನಿಗಳು ಬಳಸಿ ಬಿಟ್ಟ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗಳನ್ನು ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಮೈಸೂರಿನಿಂದಲೋ ಸೆಕೆಂಡ್ ಹ್ಯಾಂಡ್‌ನಲ್ಲಿ ತರಿಸಿಕೊಳ್ಳುವುದು ಕೊಡಗಿನಲ್ಲಿಯೂ ರೂಢಿಯಲ್ಲಿದೆ. ಅಂತಹ ಯಂತ್ರಗಳಲ್ಲಿ ಕೆಲವಕ್ಕೆ ಗ್ರಾಫಿಕ್ಸ್ ಕಾರ್ಡನ್ನು ಮನೆಯಲ್ಲಿಯೇ ಬದಲಿಸಬಹುದು. ಆದರೆ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಈ ಮಾತು ಅನ್ವಯಿಸುವುದಿಲ್ಲ. ಬದಲಿಸುವ ಕೆಲಸ ಒಂದೆರಡು ಗಂಟೆಯದ್ದು. ಅದಕ್ಕಿಂತ ಹೆಚ್ಚಿನ ಹೊತ್ತನ್ನು ಬೇಡುವುದು, ಬದಲಿಸಬೇಕೆ ಮತ್ತು ಬದಲಿಸಲು ಸಾಧ್ಯವೆ ಎಂಬ ನಿರ್ಧಾರ.

ಮೊದಲು ದೋಷ ಎಲ್ಲಿದೆ ಎಂದು ತಿಳಿಯಿರಿ

ಲ್ಯಾಪ್‌ಟಾಪ್‌ಗೆ ಹೊರಗಿನ ಮಾನಿಟರನ್ನೋ ಟಿ.ವಿ.ಯನ್ನೋ ಜೋಡಿಸಿ ನೋಡಿ. ಅಲ್ಲಿ ಚಿತ್ರ ಸ್ವಚ್ಛವಾಗಿದ್ದು ಲ್ಯಾಪ್‌ಟಾಪ್‌ನ ಪರದೆಯಲ್ಲಿ ಮಾತ್ರ ಗೆರೆಗಳಿದ್ದರೆ, ದೋಷ ಬಹುಮಟ್ಟಿಗೆ ಪರದೆಯದ್ದು ಅಥವಾ ತಿರುಗಣಿಯ ಮೂಲಕ ಹಾದುಹೋಗುವ ಕೇಬಲಿನದ್ದು. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿದಾಗ ಗೆರೆಗಳು ಹೆಚ್ಚು ಕಡಿಮೆಯಾಗುತ್ತಿದ್ದರೆ ಕೇಬಲಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಎರಡೂ ಕಡೆ ಒಂದೇ ಬಗೆಯ ಗೆರೆಗಳು ಕಂಡರೆ ಗ್ರಾಫಿಕ್ಸ್ ಕಡೆಗೆ ಗಮನ ಕೊಡಬೇಕು.

ಆಮೇಲೆ, ಯಂತ್ರ ಚಾಲೂ ಆದೊಡನೆ ವಿಂಡೋಸ್‌ಗೂ ಮೊದಲು ಓಡುವ ಮೂಲ ತಂತ್ರಾಂಶವಾದ ಬಯಾಸ್‌ ತೆರೆಯಿರಿ. ಅಲ್ಲಿ ವಿಂಡೋಸ್ ಆಗಲಿ, ಕಾರ್ಡನ್ನು ನಡೆಸುವ ತಂತ್ರಾಂಶವಾದ ಅದರ ಡ್ರೈವರ್ ಆಗಲಿ ಇನ್ನೂ ಕೆಲಸ ಆರಂಭಿಸಿರುವುದಿಲ್ಲವಾದ್ದರಿಂದ, ಆ ಹಂತದಲ್ಲಿಯೇ ಚಿತ್ರ ಕೆಟ್ಟಿದ್ದರೆ ಅದು ಸಾಫ್ಟ್‌ವೇರಿನ ತಪ್ಪಲ್ಲ. ಇಂಟೆಲ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಮತ್ತು ಪ್ರತ್ಯೇಕ ಕಾರ್ಡ್ ಎರಡೂ ಇರುವ ಯಂತ್ರಗಳಲ್ಲಿ ಮಾತ್ರ ಈ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಬಯಾಸ್‌ ಪರದೆಯನ್ನು ಇಂಟೆಲ್ ತೋರಿಸುತ್ತಿದ್ದು ಕಾರ್ಡ್ ಕೆಟ್ಟಿರುವುದು ಮರೆಯಾಗಿರಬಹುದು. ಅಂತಹ ಯಂತ್ರದಲ್ಲಿ, ಬಿಡಿಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಡಿಸ್‌ಪ್ಲೇ ಅಡಾಪ್ಟರ್ ಪಟ್ಟಿಯಲ್ಲಿ ಎನ್‌ವಿಡಿಯಾ ಅಥವಾ ಎಎಂಡಿ ಹೆಸರಿನ ಮುಂದೆ ಹಳದಿ ಗುರುತು ಮತ್ತು ದೋಷ ಸೂಚಿಸುವ ಕೋಡ್ 43 ಇದೆಯೇ ನೋಡಿ. ಡ್ರೈವರನ್ನು ಹೊಸದಾಗಿ ಹಾಕಿದ ಮೇಲೂ ಅದೇ ಕೋಡ್ ಬಂದರೆ ಕಾರ್ಡಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ರ್‍ಯಾಮ್ ಕೆಟ್ಟಾಗಲೂ ಪರದೆ ಹೀಗೆಯೇ ಕುಣಿಯುವುದುಂಟು. ಮೆಮ್‌ಟೆಸ್ಟ್86 ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿದರೆ ಆ ಅನುಮಾನ ಪರಿಹಾರವಾಗುತ್ತದೆ.

ಇಲ್ಲಿಯೇ ಒಂದು ಅಗ್ಗದ ದಾರಿಯೂ ಇದೆ. ನಿಮ್ಮ ಕೆಲಸ ಪತ್ರ ಟೈಪಿಸುವುದು, ತೋಟದ ಲೆಕ್ಕ, ಬುಕಿಂಗ್ ನೋಡಿಕೊಳ್ಳುವುದು ಇಷ್ಟೇ ಆಗಿದ್ದು, ಯಂತ್ರದಲ್ಲಿ ಇಂಟೆಲ್ ಗ್ರಾಫಿಕ್ಸ್ ಇದ್ದರೆ, ಕೆಟ್ಟ ಕಾರ್ಡನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ನಿಷ್ಕ್ರಿಯಗೊಳಿಸಿ ಇನ್ನೂ ಕೆಲವು ವರ್ಷ ನಡೆಸಬಹುದು. ನನ್ನ ಅಭಿಪ್ರಾಯದಲ್ಲಿ ಅಂಥವರು ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ಕಾರ್ಡ್ ಕೆಡುವುದೇಕೆ?

ಚಿಪ್‌ಗೂ ಅದರ ಕೆಳಗಿನ ಹಲಗೆಗೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆಯ ಗುಳಿಗೆಗಳು ನೂರಾರು ಇರುತ್ತವೆ. ಯಂತ್ರ ಬಿಸಿಯಾದಾಗ ಹಿಗ್ಗಿ, ಆರಿಸಿದಾಗ ಕುಗ್ಗಿ, ವರ್ಷಗಳು ಕಳೆದಂತೆ ಇವುಗಳಲ್ಲಿ ಬಿರುಕು ಮೂಡುತ್ತದೆ. ತಯಾರಿಕೆಯಲ್ಲಿಯೇ ದೋಷವಿದ್ದರೆ ಇದು ಬೇಗ ಆಗುತ್ತದೆ. ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಬಳಸಿದ ವಸ್ತು ದುರ್ಬಲವಾಗಿತ್ತೆಂದು ಒಪ್ಪಿಕೊಂಡ ಎನ್‌ವಿಡಿಯಾ ಕಂಪನಿ, ದುರಸ್ತಿ ಮತ್ತು ವಾರಂಟಿ ವೆಚ್ಚಕ್ಕೆಂದು 2008ರ ಜುಲೈನಲ್ಲಿ 15ರಿಂದ 20 ಕೋಟಿ ಡಾಲರ್ ತೆಗೆದಿರಿಸಬೇಕಾಯಿತು. 2011ರ ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ದೋಷಕ್ಕೆ ಆ್ಯಪಲ್ 2015ರ ಫೆಬ್ರುವರಿಯಲ್ಲಿ ಉಚಿತ ದುರಸ್ತಿ ಯೋಜನೆಯನ್ನೇ ಪ್ರಕಟಿಸಿತು.

ಬೋರ್ಡನ್ನು ಓವನ್‌ನಲ್ಲಿಟ್ಟು ಅಥವಾ ಹಾಟ್ ಏರ್ ಗನ್ನಿನಿಂದ ಕಾಯಿಸಿ ಸರಿಮಾಡುವ ವಿಡಿಯೊಗಳು ಧಾರಾಳವಾಗಿ ಸಿಗುತ್ತವೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಶಾಖಕ್ಕೆ ಸುತ್ತಲಿನ ಪ್ಲಾಸ್ಟಿಕ್ ಕನೆಕ್ಟರುಗಳು ಮತ್ತು ಕೆಪಾಸಿಟರುಗಳು ಉಳಿಯುವುದು ಅನುಮಾನ. ಕಾಯಿಸಿದ ಬೋರ್ಡ್ ಕೆಲ ದಿನ ನಡೆದು ಮತ್ತೆ ಕೈಕೊಡುವುದೇ ಹೆಚ್ಚು. ಅಡುಗೆಗೆ ಬಳಸುವ ಓವನ್‌ನಲ್ಲಂತೂ ಈ ಪ್ರಯೋಗ ಬೇಡವೇ ಬೇಡ.

ನಿಮ್ಮ ಯಂತ್ರದಲ್ಲಿ ಕಾರ್ಡ್ ಬಿಚ್ಚಲು ಬರುತ್ತದೆಯೆ?

ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಅದು ಕೆಟ್ಟರೆ ಉಳಿಯುವುದು ಎರಡೇ ದಾರಿ: ಇಡೀ ಮದರ್‌ಬೋರ್ಡ್ ಬದಲಿಸುವುದು ಅಥವಾ ಚಿಪ್ ಲೆವೆಲ್ ಸರ್ವಿಸ್ ಮಾಡುವ ಅಂಗಡಿಯಲ್ಲಿ ಸೂಕ್ತ ಯಂತ್ರದ ನೆರವಿನಿಂದ ಹೊಸ ಚಿಪ್ ಕೂರಿಸುವುದು. ಹಳೆಯ ಚಿಪ್ಪನ್ನೇ ಮರಳಿ ಬೆಸೆಯುವುದಾಗಿ ಹೇಳುವ ಅಂಗಡಿಯವರಿಗಿಂತ ಹೊಸ ಚಿಪ್ ಹಾಕಿ ವಾರಂಟಿ ಕೊಡುವವರು ಮೇಲು.

ಕಾರ್ಡನ್ನು ಬಿಡಿಯಾಗಿ ತೆಗೆಯಲು ಬರುವ ಯಂತ್ರಗಳಲ್ಲಿ ಇರುವುದು ಎಂಎಕ್ಸ್ಎಂ ಎಂಬ ಮಾದರಿಯ ಕಾರ್ಡ್. ಡೆಲ್ ಪ್ರಿಸಿಷನ್ ಎಂ4600, ಎಂ4700, ಎಂ4800 ಹಾಗೂ 17 ಇಂಚಿನ ಎಂ6600, ಎಂ6700, ಎಂ6800; ಎಚ್‌ಪಿ ಎಲೈಟ್‌ಬುಕ್ 8560ಡಬ್ಲ್ಯೂ, 8570ಡಬ್ಲ್ಯೂ, 8770ಡಬ್ಲ್ಯೂ; ಝಡ್‌ಬುಕ್ 15 ಮತ್ತು 17ರ ಮೊದಲ ತಲೆಮಾರುಗಳು ಈ ಗುಂಪಿಗೆ ಸೇರುತ್ತವೆ. ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಅನ್ನು ತಯಾರಕರ ತಾಣದಿಂದ ಇಳಿಸಿಕೊಳ್ಳಿ. ಡೆಲ್ ಮತ್ತು ಎಚ್‌ಪಿ ಇದನ್ನು ಉಚಿತವಾಗಿ ಕೊಡುತ್ತವೆ. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ತೆಗೆಯುವ ಬಗ್ಗೆ ಪ್ರತ್ಯೇಕ ಅಧ್ಯಾಯವಿದ್ದರೆ ನಿಮ್ಮ ಕೆಲಸ ಸಾಧ್ಯ.

ಕಾರ್ಡ್ ಆರಿಸುವಾಗ ಆಸೆಗಿಂತ ಎಚ್ಚರ ಮುಖ್ಯ. ಎಂಎಕ್ಸ್ಎಂ 3.0ರಲ್ಲಿ ‘ಎ’ ಬಗೆಯದ್ದು 82×70 ಮಿಲಿಮೀಟರ್, ‘ಬಿ’ ಬಗೆಯದ್ದು 82×105 ಮಿಲಿಮೀಟರ್. 15 ಇಂಚಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಚಿಕ್ಕದು, 17 ಇಂಚಿನವುಗಳಲ್ಲಿ ದೊಡ್ಡದು ಇರುತ್ತದೆ. ಅಳತೆ ಕೂಡಿಬಂದ ಮಾತ್ರಕ್ಕೆ ಕಾರ್ಡ್ ನಡೆಯುವುದಿಲ್ಲ. ಚಿಪ್‌ನ ಶಾಖವನ್ನು ಹೊರಹಾಕುವ ಲೋಹದ ಭಾಗವಾದ ಹೀಟ್ ಸಿಂಕ್‌ನ ತಿರುಪಿನ ರಂಧ್ರಗಳು, ಮೆಮೊರಿ ಚಿಪ್‌ಗಳ ಸ್ಥಾನ, ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ವಿಬಯಾಸ್ ಇವೆಲ್ಲ ಹೊಂದಬೇಕು. ಆದ್ದರಿಂದ ಅದೇ ಮಾದರಿಗೆ ಕಂಪನಿಯೇ ಕೊಡುತ್ತಿದ್ದ ಕಾರ್ಡುಗಳಲ್ಲೊಂದನ್ನು ಕೊಳ್ಳುವುದು ಕ್ಷೇಮ. ಎಂ4700ಕ್ಕೆ ಕ್ವಾಡ್ರೊ ಕೆ1000ಎಂ, ಕೆ2000ಎಂ ಅಥವಾ ಫೈರ್‌ಪ್ರೊ ಎಂ4000. ಎಂ4800ಕ್ಕೆ ಕೆ1100ಎಂ ಅಥವಾ ಕೆ2100ಎಂ ಹೀಗೆ. ಡೆಲ್ ಯಂತ್ರಕ್ಕೆ ಡೆಲ್ ಕಾರ್ಡೇ ಇರಲಿ, ಎಚ್‌ಪಿಗೆ ಎಚ್‌ಪಿಯದ್ದೇ. ಹಳೆಯ ಕಾರ್ಡಿನ ಮೇಲೆ ಅಂಟಿಸಿರುವ ಪಾರ್ಟ್ ನಂಬರನ್ನು ಅಂಗಡಿಯವರಿಗೆ ಫೋಟೊ ಸಮೇತ ಕಳುಹಿಸಿ. ಈ ಕಾರ್ಡುಗಳು ಈಗ ಹೆಚ್ಚಾಗಿ ಬೇರೆ ಯಂತ್ರದಿಂದ ಬಿಚ್ಚಿದವೇ ಆಗಿರುವುದರಿಂದ, ಪರೀಕ್ಷಿಸಿ ಹಿಂದಿರುಗಿಸಲು ಕನಿಷ್ಠ ಒಂದು ವಾರದ ಅವಕಾಶ ಕೇಳಿಕೊಳ್ಳಿ. ಪಾರ್ಸೆಲ್ ಗೋಣಿಕೊಪ್ಪಲಿಗೋ ಸೋಮವಾರಪೇಟೆಗೋ ಬಂದು ಮುಟ್ಟುವ ದಿನಗಳನ್ನೂ ಆ ವಾರಕ್ಕೆ ಸೇರಿಸಿಬಿಡದಂತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಖರ್ಚು ಮಾಡುವ ಮುನ್ನ ಇನ್ನೊಂದು ವಿಚಾರ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮೇಲೆ ಹೇಳಿದ ಯಂತ್ರಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಲಿನಕ್ಸ್ ಬಳಸಲು ಸಿದ್ಧರಿರುವವರಿಗೆ ಇದು ಅಡ್ಡಿಯಲ್ಲ.

ಸ್ಥಳ, ಹವೆ, ಸಾಮಗ್ರಿ

ಜುಲೈ, ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಡುವುದು ಜಾಣತನವಲ್ಲ. ಆಗ ಬಿಚ್ಚಲೇಬೇಕಾದರೆ, ಯಂತ್ರವನ್ನೂ ಹೊಸ ಕಾರ್ಡನ್ನೂ ಕೆಲಸ ಮಾಡುವ ಕೋಣೆಯಲ್ಲಿಯೇ ಕೆಲವು ಗಂಟೆ ಇಟ್ಟಿರಿ. ತಣ್ಣನೆಯ ಪಾರ್ಸೆಲನ್ನು ಬೆಚ್ಚಗಿನ ಕೋಣೆಯಲ್ಲಿ ಕೂಡಲೇ ತೆರೆದರೆ ಕಾರ್ಡಿನ ಮೇಲೆ ತೇವ ಕೂರುತ್ತದೆ. ಒಣ ಹವೆಯ ಜನವರಿ, ಫೆಬ್ರುವರಿಯಲ್ಲಿ ತೊಂದರೆ ಬೇರೆ ಬಗೆಯದ್ದು. ಮಡಿಕೇರಿಯ ಚಳಿಗೆ ಹಾಕಿಕೊಂಡ ಉಣ್ಣೆಯ ಸ್ವೆಟರ್ ಸ್ಥಾಯಿ ವಿದ್ಯುತ್ತನ್ನು ಹುಟ್ಟಿಸುತ್ತದೆ, ಅದರ ಒಂದು ಕಿಡಿ ಚಿಪ್ಪನ್ನು ಕೆಡಿಸಬಲ್ಲದು. ಸ್ವೆಟರ್ ಕಳಚಿ, ರಗ್ಗು ಹಾಸದ ಮರದ ಮೇಜಿನ ಮೇಲೆ ಕೆಲಸಕ್ಕೆ ಕೂತು, ಕಾರ್ಡ್ ಮುಟ್ಟುವ ಮೊದಲು ಬಣ್ಣ ಬಳಿಯದ ಲೋಹವೊಂದನ್ನು ಮುಟ್ಟಿಕೊಳ್ಳಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಪಿಎಚ್0 ಮತ್ತು ಪಿಎಚ್1 ಅಳತೆಯ ಸ್ಟಾರ್ ಸ್ಕ್ರೂಡ್ರೈವರುಗಳು, ಚಿಪ್‌ನ ಶಾಖವನ್ನು ಹೀಟ್ ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್, ಅದೇ ಕೆಲಸ ಮಾಡುವ 0.5 ಮತ್ತು 1 ಮಿಲಿಮೀಟರ್ ದಪ್ಪದ ಥರ್ಮಲ್ ಪ್ಯಾಡ್‌ಗಳು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ಅವಧಿ ಮುಗಿದ ಎಟಿಎಂ ಕಾರ್ಡ್, ಮೆತ್ತನೆಯ ಬ್ರಷ್. ಒರೆಸಲು ಕಾಫಿ ಫಿಲ್ಟರ್ ಕಾಗದ ಬಳಸಿ ಎಂದು ವಿದೇಶಿ ಮಾರ್ಗದರ್ಶಿಗಳಲ್ಲಿ ಬರೆದಿರುತ್ತದೆ. ಕಾಫಿ ಬೆಳೆಯುವ ನಮ್ಮ ಜಿಲ್ಲೆಯ ಅಡುಗೆಮನೆಗಳಲ್ಲಿ ಇರುವುದು ಸ್ಟೀಲಿನ ಫಿಲ್ಟರ್ ಆದ್ದರಿಂದ ಕನ್ನಡಕ ಒರೆಸುವ ಮೈಕ್ರೊಫೈಬರ್ ಬಟ್ಟೆಯೇ ಸಾಕು.

ಬಿಚ್ಚುವುದು, ಕೂರಿಸುವುದು

ಕಡತಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಿ. ಯಂತ್ರ ಇನ್ನೂ ಚಾಲೂ ಆಗುತ್ತಿದ್ದರೆ ಬಯಾಸ್‌ ಅನ್ನು ಇತ್ತೀಚಿನದಕ್ಕೆ ಏರಿಸಿ, ಆದರೆ ಕರೆಂಟು ಹೋಗಿಬಂದು ಮಾಡುವ ಹೊತ್ತಿನಲ್ಲಿ ಬೇಡ. ಬ್ಯಾಟರಿಯಲ್ಲಿ ಚಾರ್ಜ್ ಇದ್ದಾಗಲೇ ಅದನ್ನು ಮಾಡಬೇಕು. ಬಿಚ್ಚುವ ಮುನ್ನ ಯಂತ್ರವನ್ನು ಐದು ನಿಮಿಷ ಓಡಿಸಿದರೆ ಒಣಗಿದ ಥರ್ಮಲ್ ಪೇಸ್ಟ್ ಸ್ವಲ್ಪ ಸಡಿಲವಾಗುತ್ತದೆ. ಆಮೇಲೆ ಪೂರ್ತಿ ಆರಿಸಿ, ಚಾರ್ಜರ್ ಮತ್ತು ಬ್ಯಾಟರಿ ತೆಗೆದು, ಪವರ್ ಗುಂಡಿಯನ್ನು 15 ಸೆಕೆಂಡ್ ಒತ್ತಿಹಿಡಿಯಿರಿ.

ಕೆಲವು ಮಾದರಿಗಳಲ್ಲಿ ತಳದ ಮುಚ್ಚಳ ತೆಗೆದರೆ ಸಾಕು. ಇನ್ನು ಕೆಲವಕ್ಕೆ ಕೀಬೋರ್ಡ್ ಮತ್ತು ಅಂಗೈ ಊರುವ ಫಲಕವನ್ನೂ ಕಳಚಬೇಕಾಗುತ್ತದೆ. ಮ್ಯಾನ್ಯುಯಲ್ ಹೇಳಿದ ಕ್ರಮವನ್ನೇ ಅನುಸರಿಸಿ. ತಿರುಪುಗಳ ಉದ್ದ ಒಂದೇ ಆಗಿರುವುದಿಲ್ಲ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮದರ್‌ಬೋರ್ಡಿಗೇ ಗಾಯವಾಗುತ್ತದೆ. ಮೊಟ್ಟೆಯ ಟ್ರೇಯ ಒಂದೊಂದು ಗುಳಿಯಲ್ಲಿ ಒಂದೊಂದು ಹಂತದ ತಿರುಪುಗಳನ್ನು ಹಾಕಿ, ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಹೀಟ್ ಸಿಂಕ್‌ನ ತಿರುಪುಗಳ ಪಕ್ಕದಲ್ಲಿ 1, 2, 3, 4 ಎಂದು ಅಚ್ಚೊತ್ತಿರುತ್ತದೆ. ಬಿಚ್ಚುವಾಗ ಹಿಂದುಮುಂದಾಗಿ, ಅಂದರೆ 4ರಿಂದ 1ಕ್ಕೆ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬನ್ನಿ. ಒಂದೇ ಮೂಲೆಯನ್ನು ಪೂರ್ತಿ ಬಿಚ್ಚಿದರೆ ಎದುರು ಮೂಲೆಯ ಒತ್ತಡಕ್ಕೆ ಚಿಪ್‌ನ ಅಂಚು ಒಡೆಯಬಹುದು. ಫ್ಯಾನಿನ ವೈರನ್ನು ಎಳೆಯದೆ, ಅದರ ತುದಿಯ ಪ್ಲಗ್ಗನ್ನು ಎಟಿಎಂ ಕಾರ್ಡಿನ ಮೂಲೆಯಿಂದ ಮೀಟಿ ತೆಗೆಯಿರಿ. ಹೀಟ್ ಸಿಂಕ್ ಏಳದಿದ್ದರೆ ಎತ್ತಿ ಕೀಳಬೇಡಿ; ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ತಿರುಗಿಸುತ್ತಿದ್ದರೆ ತಾನಾಗಿ ಬಿಡುತ್ತದೆ. ಅದರ ರೆಕ್ಕೆಗಳ ಸಂದಿಯಲ್ಲಿ ಧೂಳು ಒತ್ತಾಗಿ ಕಟ್ಟಿಕೊಂಡಿರುವುದನ್ನು ಈಗ ಕಾಣುವಿರಿ. ತೋಟದ ನಡುವಿನ ಮನೆಗಳಲ್ಲಿ ಅದರ ಜೊತೆಗೆ ಇರುವೆಗಳ ಮೊಟ್ಟೆ, ಬೂಷ್ಟು, ಕೆಲವೊಮ್ಮೆ ಸತ್ತ ಹಲ್ಲಿಮರಿಯೂ ಸಿಗುವುದುಂಟು. ಬ್ರಷ್‌ನಿಂದ ಎಲ್ಲವನ್ನೂ ತೆಗೆಯಿರಿ.

ಕಾರ್ಡನ್ನು ಹಿಡಿದಿರುವುದು ಸಾಮಾನ್ಯವಾಗಿ ಎರಡು ತಿರುಪುಗಳು. ಅವನ್ನು ತೆಗೆದ ಕೂಡಲೇ ಕಾರ್ಡಿನ ಆ ತುದಿ ಕೊಂಚ ಮೇಲೇಳುತ್ತದೆ. ಅಂಚುಗಳಲ್ಲಿ ಮಾತ್ರ ಹಿಡಿದು, ಅದೇ ಓರೆಯಲ್ಲಿ ಹೊರಕ್ಕೆಳೆಯಿರಿ. ಹೊಸ ಕಾರ್ಡ್ ಇನ್ನೂ ತರಿಸದಿದ್ದರೆ ಈ ಹಂತದಲ್ಲಿ ಹಳೆಯದರ ಚಿನ್ನದ ಬಣ್ಣದ ಪಟ್ಟಿಗಳನ್ನು ಆಲ್ಕೊಹಾಲಿನಿಂದ ಒರೆಸಿ, ಹೊಸ ಪೇಸ್ಟ್ ಹಚ್ಚಿ ಮರಳಿ ಕೂರಿಸಿ ನೋಡುವುದು ಲಾಭದಾಯಕ. ತೇವದ ಹವೆಯಲ್ಲಿ ಪಟ್ಟಿಗಳ ಮೇಲೆ ಕೊಳೆಯ ಪದರ ಕೂತು ಸಂಪರ್ಕ ಕೆಟ್ಟಿದ್ದರೆ ಇಷ್ಟರಿಂದಲೇ ಯಂತ್ರ ಸರಿಹೋಗಬಹುದು.

ಹೊಸ ಕಾರ್ಡನ್ನು ಓರೆಯಾಗಿ, ಚಿನ್ನದ ಪಟ್ಟಿ ಬಹುತೇಕ ಮರೆಯಾಗುವವರೆಗೆ ಒಳಕ್ಕೆ ತಳ್ಳಿ, ಕೆಳಕ್ಕೆ ಒತ್ತಿ ತಿರುಪು ಹಾಕಿ. ಚಿಪ್‌ನ ಮೇಲಿನ ಮತ್ತು ಹೀಟ್ ಸಿಂಕ್‌ನ ಹಳೆಯ ಪೇಸ್ಟನ್ನು ಹೊಳಪು ಬರುವಂತೆ ಒರೆಸಿ, ಚಿಪ್‌ನ ನಡುವೆ ಎರಡು ಅಕ್ಕಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. ಮೆಮೊರಿ ಚಿಪ್‌ಗಳ ಮೇಲೆ ಪೇಸ್ಟ್ ಅಲ್ಲ, ಪ್ಯಾಡ್ ಬೇಕು. ಹರಿದ ಹಳೆಯ ಪ್ಯಾಡ್ ಎಷ್ಟು ದಪ್ಪವಿತ್ತೋ ಅಷ್ಟೇ ದಪ್ಪದ್ದನ್ನು ಹಾಕಿ. ಪ್ಯಾಡ್ ದಪ್ಪವಾದರೆ ಹೀಟ್ ಸಿಂಕ್ ಮುಖ್ಯ ಚಿಪ್ಪನ್ನು ಮುಟ್ಟದೆ ಮೇಲೆಯೇ ನಿಂತುಬಿಡುತ್ತದೆ, ಯಂತ್ರ ಕೆಲವೇ ನಿಮಿಷಗಳಲ್ಲಿ ಕಾದು ಆರಿಹೋಗುತ್ತದೆ. ತಿರುಪುಗಳನ್ನು ಈ ಬಾರಿ 1ರಿಂದ 4ಕ್ಕೆ ಬಿಗಿಯುತ್ತ, ಕೊನೆಗೆ ಫ್ಯಾನಿನ ಪ್ಲಗ್ ಸೇರಿಸಿ.

ಚಾಲೂ ಮಾಡಿದ ಮೇಲೆ

ಎಲ್ಲವನ್ನೂ ಮುಚ್ಚುವ ಮೊದಲೇ ಒಮ್ಮೆ ಚಾಲೂ ಮಾಡಿ ನೋಡಿ. ಮೊದಲ ಬಾರಿ ಪರದೆ ಬೆಳಗಲು ಒಂದು ನಿಮಿಷ ಹಿಡಿದರೂ ಗಾಬರಿಯಾಗಬೇಡಿ. ಬೀಪ್ ಸದ್ದು ಮಾತ್ರ ಬಂದರೆ ಆರಿಸಿ, ಕಾರ್ಡನ್ನು ಮತ್ತೊಮ್ಮೆ ಕೂರಿಸಿ. ವಿಂಡೋಸ್ ತೆರೆದ ಮೇಲೆ ಹಳೆಯ ಡ್ರೈವರನ್ನು ಪೂರ್ತಿ ತೆಗೆದು, ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿರುವ ಡ್ರೈವರನ್ನು ಹಾಕಿ.

ಬಿಡಿಭಾಗಗಳ ತಾಪ ತೋರಿಸುವ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶ ತೆರೆದಿಟ್ಟು ಒಂದು ವಿಡಿಯೊವನ್ನು ರೆಂಡರ್ ಮಾಡಿ. ಅರ್ಧ ಗಂಟೆಯ ಬಳಿಕವೂ ಕಾರ್ಡಿನ ತಾಪ 85 ಡಿಗ್ರಿಯೊಳಗೆ ನಿಂತರೆ ಹೀಟ್ ಸಿಂಕ್ ಸರಿಯಾಗಿ ಕೂತಿದೆ. ಒಂದೆರಡು ನಿಮಿಷದಲ್ಲಿಯೇ 95 ದಾಟಿದರೆ ಪ್ಯಾಡ್ ಅಥವಾ ತಿರುಪಿನಲ್ಲಿ ತಪ್ಪಿದೆ ಎಂದು ತಿಳಿದು ಮತ್ತೆ ಬಿಚ್ಚಬೇಕು. ಪರದೆಯ ಬೆಳಕು ಹೆಚ್ಚು ಕಡಿಮೆ ಮಾಡುವ ಕೀಲಿ ಕೆಲಸ ಮಾಡುತ್ತದೆಯೆ, ಮುಚ್ಚಳ ಮುಚ್ಚಿ ತೆರೆದಾಗ ಚಿತ್ರ ಮರಳಿ ಬರುತ್ತದೆಯೆ, ಹೊರಗಿನ ಮಾನಿಟರ್ ನಡೆಯುತ್ತದೆಯೆ ಎಂಬುದನ್ನೂ ಪರೀಕ್ಷಿಸಿ. ಬೇರೆ ಕಂಪನಿಯ ಯಂತ್ರದ ಕಾರ್ಡ್ ಬಂದಿದ್ದರೆ ಅದು ಮೊದಲು ಗೊತ್ತಾಗುವುದು ಇಲ್ಲಿಯೇ. ಈ ಪರೀಕ್ಷೆಗಳೆಲ್ಲ ಹಿಂದಿರುಗಿಸುವ ಗಡುವಿನೊಳಗೆ ಮುಗಿಯಲಿ. ಅಲ್ಲಿಯವರೆಗೆ ಹಳೆಯ ಕಾರ್ಡನ್ನು ಹೊಸದು ಬಂದ ಸ್ಥಾಯಿ ವಿದ್ಯುತ್ ತಡೆಯುವ ಚೀಲದಲ್ಲಿಯೇ ಹಾಕಿಟ್ಟು, ಅಂಗಡಿಯವರ ಬಿಲ್ಲನ್ನೂ ಅದರೊಂದಿಗೆ ಇಟ್ಟಿರಿ.