ಬಿಡಿಸಿದ್ದು ಕಡಿಮೆ, ಮುಚ್ಚಿದ್ದೇ ಜಾಸ್ತಿ: ಮಿಕ್ಸೆಡ್ ಮೀಡಿಯಾ ಚಿತ್ರಗಳ ನನ್ನ ಅನುಭವ

ಅಂಟಿಸಿದ ಕಾಗದದ ಮೇಲೆ ಬಣ್ಣ ಹಚ್ಚಿದರೆ ಎರಡೇ ವರ್ಷದಲ್ಲಿ ಚಕ್ಕೆ ಏಳುತ್ತದೆ ಎಂದು ಒಬ್ಬರು ಹೇಳಿದ್ದರು. ಮೂರು ಕಾಲಿನ ನಾಯಿ, ಕತ್ತೇ ಇಲ್ಲದ ಹಕ್ಕಿ, ಇವನ್ನೆಲ್ಲ ಗೋಡೆಗೆ ಯಾರು ಹಾಕಿಕೊಳ್ಳುತ್ತಾರೆ ಎಂದು ಇನ್ನೊಬ್ಬರು ಕೇಳಿದ್ದರು. ಇಬ್ಬರೂ ಚಿತ್ರಕಾರರೇ, ನನಗಿಂತ ಹಿರಿಯರು. ಆ ಮಾತಿಗೆ ಆರೇಳು ವರ್ಷ ಆಗಿರಬೇಕು. ಈಗ ನನ್ನ ಹಲಗೆಗಳು ಚಕ್ಕೆ ಏಳದೆ ನಿಂತಿವೆ, ಅವಕ್ಕೆ ಗೋಡೆಗಳೂ ಸಿಕ್ಕಿವೆ. ಅದಕ್ಕೇ ಈ ಮಿಕ್ಸೆಡ್ ಮೀಡಿಯಾ, ಅಂದರೆ ಕಾಗದ, ಬಟ್ಟೆ, ಬಣ್ಣ ಎಲ್ಲ ಒಂದೇ ಹಲಗೆಯಲ್ಲಿ ಕೂಡಿಸುವ ಚಿತ್ರಗಳ ಬಗ್ಗೆ ಧೈರ್ಯವಾಗಿ ಬರೆಯುತ್ತಿದ್ದೇನೆ. ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪ) ಬಳಿಯುವುದು, ಬ್ರಶ್ ತೊಳೆಯುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ತಮಾಷೆಯ ಚಿತ್ರ ಮಾಡಲೇಬೇಕೆಂದು ಹಟ ಹಿಡಿದು ಕೂತರೆ ತಮಾಷೆ ಬರುವುದಿಲ್ಲ. ಬಹಳ ಕಾಲ ನಾನು ಮೊದಲು ಸ್ಕೆಚ್ ಮಾಡಿಕೊಳ್ಳುತ್ತಿದ್ದೆ. ಟೋಪಿ ಹಾಕಿದ ಬೆಕ್ಕು, ಚಕ್ರ ಇರುವ ಮೀನು, ಇಂಥವು. ನೋಡಿದವರು ಒಂದು ಸಲ ನಗುತ್ತಿದ್ದರು. ಎರಡನೇ ಸಲ ತಿರುಗಿಯೂ ನೋಡುತ್ತಿರಲಿಲ್ಲ, ಕೇಳಿದ ಜೋಕನ್ನೇ ಮತ್ತೆ ಕೇಳಿದ ಹಾಗೆ. ಈಗ ಸ್ಕೆಚ್ ಇಲ್ಲ. ಮೊದಲು ಹಲಗೆಯನ್ನು ಕೈಲಾದಷ್ಟು ಗಲೀಜು ಮಾಡುತ್ತೇನೆ. ಆಮೇಲೆ ಆ ಗಲೀಜಿನಲ್ಲಿ ಯಾರಿದ್ದಾರೆ ಎಂದು ಹುಡುಕುತ್ತೇನೆ. ಸಿಕ್ಕವರನ್ನು ಉಳಿಸಿ, ಮಿಕ್ಕಿದ್ದನ್ನೆಲ್ಲ ಒಂದೇ ಬಣ್ಣದಲ್ಲಿ ಮುಚ್ಚುತ್ತೇನೆ. ಅಂದಾಜು ಮೂರರಲ್ಲಿ ಎರಡು ಪಾಲು ಮುಚ್ಚಿಹೋಗುತ್ತದೆ. ವಿಧಾನ ಇಷ್ಟೇ. ಇದು ಗೋಡೆ ಮೇಲೆ ವರ್ಷಗಟ್ಟಲೆ ನಿಲ್ಲುವ ಹಾಗೆ ಮಾಡಲು ಹಿಡಿದ ಕಾಲ, ಸುರಿದ ದುಡ್ಡು ಮಾತ್ರ ಸ್ವಲ್ಪ ದೊಡ್ಡದೇ.

ಮೊದಲ ದುಡ್ಡು ಹೋಗಿದ್ದು ಕ್ಯಾನ್ವಾಸಿಗೆ. ಕಾಗದ ಅಂಟಿಸಿ ರೋಲರ್‌ನಿಂದ ಒತ್ತಿದರೆ ಕ್ಯಾನ್ವಾಸ್ ಕೆಳಗೆ ಜಗ್ಗುತ್ತದೆ, ಮಧ್ಯದ ಕಾಗದ ಸರಿಯಾಗಿ ಕೂರುವುದೇ ಇಲ್ಲ. ಒಣಗಿದ ಮೇಲೆ ಹಿಂದಿನ ಮರದ ಪಟ್ಟಿಯ ಗೆರೆ ಮುಂದೆ ಮೂಡುತ್ತದೆ. ಆಮೇಲೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದಕ್ಕೆ ಬಂದೆ. ಎರಡು ಪದರ ಕಾಗದ ಅಂಟಿಸುವಷ್ಟರಲ್ಲಿ ಅದು ದೋಣಿಯ ಆಕಾರಕ್ಕೆ ಬಂತು. ಹಿಂಬದಿಗೂ ಮೀಡಿಯಂ, ಅಂದರೆ ಬಣ್ಣ ಬೆರೆಸದ ಅಕ್ರಿಲಿಕ್ ದ್ರವ, ಬಳಿದರೆ ಸ್ವಲ್ಪ ನೆಟ್ಟಗಾಗುತ್ತದೆ, ನಿಜ. ಆದರೆ ಕಾಗದ ಅಂದರೆ ಗಾಜು, ಗಾಜು ಅಂದರೆ ಫ್ರೇಮು. ಫ್ರೇಮಿನ ಕಥೆ ಆಮೇಲೆ ಹೇಳುತ್ತೇನೆ.

ಈಗ ಸುಮಾರು 6 ಮಿಲಿಮೀಟರ್ ದಪ್ಪದ ಪ್ಲೈವುಡ್, ಹಿಂದೆ ಪಟ್ಟಿ ಹೊಡೆದದ್ದು. ಒಂದು ಒಳ್ಳೆ ಕ್ಯಾನ್ವಾಸಿನ ದುಡ್ಡಿಗೆ ಇಂಥ ನಾಲ್ಕೈದು ಹಲಗೆ ಆಗುತ್ತವೆ. ಒಂದೇ ಎಚ್ಚರಿಕೆ. ಜೆಸ್ಸೊಗೆ ಮೊದಲು ಅಕ್ರಿಲಿಕ್ ಮೀಡಿಯಂ ಎರಡು ಕೋಟ್ ಕೊಟ್ಟು ಮರದ ಬಾಯಿ ಮುಚ್ಚಿ. ಇಲ್ಲದಿದ್ದರೆ ಮರದೊಳಗಿನ ಕಂದು ಕಲೆ ನೀರಿನ ಜೊತೆ ಮೇಲೆ ಬಂದು ಬಿಳಿಯನ್ನು ಹಳದಿ ಮಾಡುತ್ತದೆ. ಹಿಂಬದಿಗೂ ಕೋಟ್ ಕೊಡಿ. ಒಂದೇ ಬದಿ ಕೊಟ್ಟರೆ ತೇವ ಇನ್ನೊಂದು ಬದಿಯಿಂದ ಹೊಕ್ಕು ಹಲಗೆ ಡೊಂಕಾಗುತ್ತದೆ.

ಅಂಟಿನ ವಿಷಯ ಬಂದರೆ ನಾನು ಜಾಸ್ತಿ ಮಾತಾಡುತ್ತೇನೆ, ಏಕೆಂದರೆ ಜಾಸ್ತಿ ನಷ್ಟ ಅಲ್ಲೇ ಆದದ್ದು. ಹಿಟ್ಟಿನ ಅಂಟು ಅಗ್ಗ, ಕೈಗೂ ಹಿತ. ಆದರೆ ಹುಳ ಬಂತು. ಒಂದಿಡೀ ಸಾಲು ಚಿತ್ರಗಳ ಅಂಚು ತಿಂದು ಹಾಕಿತ್ತು. ಶಾಲೆಯ ಮಕ್ಕಳು ಬಳಸುವ ಬಿಳಿ ಗೋಂದು ಒಣಗಿದಾಗ ಗಟ್ಟಿಯಾಗೇ ಕಾಣುತ್ತದೆ. ಅದರ ಮೇಲೆ ಒದ್ದೆ ಬಣ್ಣ ಬಿದ್ದ ಕೂಡಲೇ ಮತ್ತೆ ಮೆತ್ತಗಾಗಿ ಕಾಗದ ಉಬ್ಬುತ್ತದೆ. ರಬ್ಬರ್ ಅಂಟು ಕಾಲ ಕಳೆದಂತೆ ಹಳದಿಯಾಗಿ ಹಿಡಿತ ಬಿಟ್ಟಿತು. ಆಗೆಲ್ಲ ಹಿರಿಯರ ಮಾತು ನಿಜವಾಗುತ್ತಿದೆ ಅನಿಸಿತ್ತು. ಈಗ ತೆಳು ಕಾಗದಕ್ಕೆ ಹೊಳಪಿಲ್ಲದ ಮ್ಯಾಟ್ ಮೀಡಿಯಂ, ದಪ್ಪ ಕಾಗದಕ್ಕೆ, ಬಟ್ಟೆಗೆ ಮಂದವಾದ ಜೆಲ್ ಮೀಡಿಯಂ. ಬೇರೆ ಯಾವ ಅಂಟನ್ನೂ ಮನೆಯೊಳಗೆ ಬಿಡುವುದಿಲ್ಲ. ಅಂಟೂ ಅಕ್ರಿಲಿಕ್, ಮೇಲಿನ ಬಣ್ಣವೂ ಅಕ್ರಿಲಿಕ್ ಆದಾಗ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಚಕ್ಕೆ ಏಳುವ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಇನ್ನರ್ಧ ಉತ್ತರ ಒದ್ದೆ ಮಾಡುವುದರಲ್ಲಿದೆ. ಕಾಗದ ಒದ್ದೆಯಾದರೆ ಹಿಗ್ಗುತ್ತದೆ. ಒಣ ಕಾಗದವನ್ನು ಅಂಟಿನ ಮೇಲೆ ಇಟ್ಟರೆ ಅಲ್ಲಿ ಹೋಗಿ ಹಿಗ್ಗಿ ಸುಕ್ಕಾಗುತ್ತದೆ. ಅದಕ್ಕೆ ದಪ್ಪ ಕಾಗದವನ್ನು ಮೊದಲೇ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಬಟ್ಟೆಯಿಂದ ಒತ್ತಿ, ಆಮೇಲೆ ಅಂಟಿಸುತ್ತೇನೆ. ಕೆಳಗೂ ಮೀಡಿಯಂ, ಮೇಲೂ ಮೀಡಿಯಂ. ಮೇಲೆ ಅಂಟು ಹಿಡಿಯದ ಸಿಲಿಕಾನ್ ಕಾಗದ ಇಟ್ಟು ರೋಲರ್ ಅನ್ನು ಮಧ್ಯದಿಂದ ಅಂಚಿಗೆ ಓಡಿಸಬೇಕು. ಗಾಳಿಯ ಗುಳ್ಳೆ ಉಳಿದರೆ ಸೂಜಿ ಚುಚ್ಚಿ ಮತ್ತೆ ಒತ್ತುತ್ತೇನೆ.

ಯಾವ ಕಾಗದ? ನ್ಯೂಸ್‌ಪೇಪರ್ ಹಳದಿಯಾಗುತ್ತದೆ, ಅದರಲ್ಲಿ ಮರದಿಂದ ಬಂದ ಲಿಗ್ನಿನ್ ಎಂಬ ವಸ್ತು ಇದೆ. ಮುಚ್ಚಿಹೋಗುವ ಜಾಗಕ್ಕಾದರೆ ಪರವಾಗಿಲ್ಲ, ಕಾಣುವ ಜಾಗಕ್ಕೆ ಬೇಡ. ಅಂಗಡಿ ಬಿಲ್ಲು, ಮಿಷನ್ನಿನಿಂದ ಬರುವ ಟಿಕೆಟ್ಟು ನೋಡಲು ಚಂದ. ಆದರೆ ಅವು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಬೆಳಕಿಗೆ ಇಟ್ಟರೆ ಅಕ್ಷರ ಮಾಯ, ಹೇರ್ ಡ್ರೈಯರ್ ಹಿಡಿದರೆ ಇಡೀ ತುಂಡು ಕಪ್ಪು. ಸಾಮಾನ್ಯ ಇಂಕ್‌ಜೆಟ್ ಪ್ರಿಂಟಿನ ಮಸಿ ಮೀಡಿಯಂ ತಾಗಿದ ತಕ್ಷಣ ಹರಡುತ್ತದೆ. ಲೇಸರ್ ಪ್ರಿಂಟ್ ಹಾಗೆ ಹರಡುವುದಿಲ್ಲ. ಅದನ್ನೇ ಜೆಲ್ ಮೇಲೆ ಮುಖ ಕೆಳಗಾಗಿ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಟ್ಟು, ಒದ್ದೆ ಬೆರಳಿನಿಂದ ಕಾಗದ ಉಜ್ಜಿ ತೆಗೆದರೆ ಚಿತ್ರ ಮಾತ್ರ ಹಲಗೆಯಲ್ಲಿ ಉಳಿಯುತ್ತದೆ. ಅಕ್ಷರಗಳಿದ್ದರೆ ಪ್ರಿಂಟ್ ತೆಗೆಯುವಾಗಲೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಕೊಳ್ಳಿ.

ನನಗೆ ತುಂಬ ಇಷ್ಟವಾದದ್ದು ತೆಳು ಟಿಶ್ಯೂ ಪೇಪರ್. ಅದರ ಮೇಲೆ ಅಳಿಯದ ಇಂಕಿನಲ್ಲಿ ಏನಾದರೂ ಗೀಚಿ, ಚೆನ್ನಾಗಿ ಒಣಗಿಸಿ ಅಂಟಿಸಿದರೆ ಮೀಡಿಯಂ ಹೀರಿ ಕಾಗದ ಪಾರದರ್ಶಕವಾಗುತ್ತದೆ. ಗೆರೆ ಮಾತ್ರ ಗಾಳಿಯಲ್ಲಿ ತೇಲಿದಂತೆ ನಿಲ್ಲುತ್ತದೆ. ಮಕ್ಕಳ ಗೀಚಾಟ, ಎಡಗೈಯಲ್ಲಿ ಎಳೆದ ಗೆರೆ, ಕಣ್ಣು ಮುಚ್ಚಿ ಬರೆದ ಕೈಬರಹ ಎಲ್ಲ ಹೀಗೇ ಒಳಗೆ ಬರುತ್ತವೆ. ಎಡಗೈ ಗೆರೆಗೆ ಒಂದು ನಡುಕ ಇರುತ್ತದಲ್ವಾ, ಅದನ್ನು ಬಲಗೈ ನಟಿಸಲಾರದು.

ಗಲೀಜು ಮಾಡುವ ದಿನಗಳಲ್ಲಿ ನಿಯಮ ಇಲ್ಲ. ಇಂಕ್ ಚೆಲ್ಲುವುದು, ಹಳೆ ಪ್ಲಾಸ್ಟಿಕ್ ಕಾರ್ಡಿನಿಂದ ಬಣ್ಣ ಎಳೆಯುವುದು, ಬಟ್ಟೆಯ ನೇಯ್ಗೆ ಒತ್ತುವುದು, ಎಲ್ಲ ಆಗುತ್ತದೆ. ನಿಯಮ ಇರುವುದು ಜಿಡ್ಡಿಗೆ ಮಾತ್ರ. ಆಯಿಲ್ ಪೇಸ್ಟಲ್, ಮೇಣದ ಕ್ರೇಯಾನ್ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ. ಇವತ್ತು ಹಿಡಿದಂತೆ ಕಂಡರೂ ಮುಂದೆ ಉಗುರಿಗೆ ಸಿಕ್ಕಿ ಬರುತ್ತದೆ. ಅದರಲ್ಲೂ ಆಯಿಲ್ ಪೇಸ್ಟಲ್ ಎಂದೂ ಪೂರ್ತಿ ಒಣಗದ ವಸ್ತು. ಹಾಗಾಗಿ ಜಿಡ್ಡಿನದು ಏನಿದ್ದರೂ ಕಟ್ಟಕಡೆಗೆ, ಒಂದೆರಡು ಗೆರೆ. ನೀರಿನಲ್ಲಿ ಕರಗುವ ಕ್ರೇಯಾನ್ ಆದರೆ ನಡುವೆ ಬಳಸಬಹುದು, ಮೇಲೆ ಗೆರೆ ಅಳಿಯದಂತೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆದು ಮುಂದೆ ಹೋದರೆ ಸಾಕು. ಚಳಿಯಿದ್ದಾಗ ಇನ್ನೊಂದು ತಾಪತ್ರಯ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅಕ್ರಿಲಿಕ್ ಸರಿಯಾದ ಪದರ ಕಟ್ಟುವುದಿಲ್ಲ, ಒಣಗಿದ ಮೇಲೂ ಪುಡಿ ಪುಡಿ. ಆಗ ಕೆಲಸ ನಿಲ್ಲಿಸಿ ಕಾಗದ ಹರಿಯುತ್ತಾ ಕೂರುವುದೇ ವಾಸಿ.

ಕಸ ಅಂಟಿಸುವುದೇನು ಹೊಸ ಸಾಹಸ ಅಲ್ಲ ಬಿಡಿ. ಪಿಕಾಸೊ 1912ರಲ್ಲೇ ಬೆತ್ತದ ನೇಯ್ಗೆ ಅಚ್ಚಾದ ಎಣ್ಣೆಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಕಟ್ಟಿ ಚೌಕಟ್ಟು ಮಾಡಿದ್ದ. ಜರ್ಮನಿಯ ಕಲಾವಿದ ಕುರ್ಟ್ ಶ್ವಿಟರ್ಸ್ 1919ರಿಂದ ಹರಿದ ಟಿಕೆಟ್ಟು, ಬಿಸಾಡಿದ ಪೊಟ್ಟಣದ ಕಾಗದ ಕೂಡಿಸಿಯೇ ಹೆಸರು ಮಾಡಿದ. ಗಲೀಜಿನಲ್ಲಿ ಪ್ರಾಣಿ ಹುಡುಕುವ ಚಾಳಿಗೆ ಜರ್ಮನಿಯಲ್ಲಿ ಹುಟ್ಟಿದ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ನನಗೆ ಗುರು. 1925ರಲ್ಲಿ ಅವನು ನೆಲದ ಹಲಗೆಯ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಮೂಡಿದ ಗೆರೆಗಳಲ್ಲಿ ಕಾಡು, ಹಕ್ಕಿ ಎಲ್ಲ ಕಂಡ. ನಾನೂ ಸಿಕ್ಕ ಸಿಕ್ಕ ಒರಟು ಮೇಲ್ಮೈ ಉಜ್ಜಿ ಒಂದು ಪೆಟ್ಟಿಗೆ ತುಂಬಿಸಿಟ್ಟಿದ್ದೇನೆ.

ಹುಡುಕುವ ಕೆಲಸ ನಿಧಾನದ್ದು. ಹಲಗೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡುತ್ತೇನೆ. ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದರೆ ಬಣ್ಣದ ಮೋಹ ಕಳೆದು ಆಕಾರ ಎದ್ದು ಕಾಣುತ್ತದೆ. ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಮಾರ್ಕರ್‌ನಿಂದ ಗಡಿ ಎಳೆದು, ಒರೆಸಿ, ಮತ್ತೆ ಎಳೆಯುತ್ತೇನೆ. ಇಲ್ಲಿ ನನ್ನದೊಂದು ಖಚಿತ ಅಭಿಪ್ರಾಯ ಇದೆ. ಎಲ್ಲರೂ ಮೊದಲು ಕಣ್ಣು ಹುಡುಕುತ್ತಾರೆ. ಎರಡು ಚುಕ್ಕೆ ಇಟ್ಟರೆ ಕಲ್ಲೂ ಮುಖವಾಗುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ನಾನು ಕಾಲು ಹುಡುಕುತ್ತೇನೆ. ಪ್ರಾಣಿ ಹೇಗೆ ನಿಂತಿದೆ ಎನ್ನುವುದರಲ್ಲೇ ಅದರ ಸ್ವಭಾವ ಇರುತ್ತದೆ. ಹೆದರಿ ಹಿಂದೆ ಸರಿಯುವ ಕಾಲು, ಜಂಬದ ಕಾಲು, ಯಾರನ್ನೋ ಕಾಯುವ ಕಾಲು. ಕಾಲು ಸಿಕ್ಕರೆ ಮೈ ತಾನಾಗಿ ಮೇಲೆ ಬೆಳೆಯುತ್ತದೆ. ಕಣ್ಣು ಕೊನೆಯ ದಿನ. ಆ ಕಣ್ಣಿಗೆ ಏನು ಬಳಸುತ್ತೇನೆ ಎಂದು ತುಂಬ ಜನ ಕೇಳುತ್ತಾರೆ. ಬ್ರಶ್ ಅಲ್ಲ, ಪೆನ್ನೂ ಅಲ್ಲ. ಅಷ್ಟು ಹೇಳಬಲ್ಲೆ.

ಇನ್ನು ಮುಚ್ಚುವುದು. ಇದಕ್ಕೆ ಎದೆ ಗಟ್ಟಿ ಬೇಕು. ವಾರಗಟ್ಟಲೆ ಮಾಡಿದ ಚಂದದ ಕಲೆಗಳ ಮೇಲೆ ಸಪಾಟು ಬಣ್ಣ ಬಳಿಯಬೇಕು. ಚಂದ ಇದೆ ಎಂದು ಅಲ್ಲೊಂದು ಇಲ್ಲೊಂದು ಉಳಿಸಿದ ಚಿತ್ರಗಳೆಲ್ಲ ಸಂತೆಯಾದವು, ಅವುಗಳಲ್ಲಿ ಒಂದೂ ಮಾರಾಟವಾಗಲಿಲ್ಲ. ಬಣ್ಣ ಚೆನ್ನಾಗಿ ಮುಚ್ಚುವಂಥದ್ದಿರಲಿ. ಟೈಟೇನಿಯಂ ಬಿಳಿ ಬೆರೆಸಿದರೆ ಮುಚ್ಚುತ್ತದೆ, ಜಿಂಕ್ ಬಿಳಿ ಅರೆಬರೆ ಬಿಟ್ಟುಕೊಡುತ್ತದೆ. ದಪ್ಪ ಒಂದು ಕೋಟ್ ಬದಲು ತೆಳು ಎರಡು ಕೋಟ್ ಒಳ್ಳೆಯದು. ಕೆಲವು ಕಡೆ ಒಂದೇ ಕೋಟ್ ಕೊಟ್ಟು ಕೆಳಗಿನದರ ನೆರಳು ಉಳಿಸಿದರೆ ಹಿಂದೆ ಯಾರೋ ಅಡಗಿದಂತೆ ಇರುತ್ತದೆ. ಒಣಗಿದ ಮೇಲೆ ಅಂಚಿನಲ್ಲಿ ಸ್ಯಾಂಡ್‌ಪೇಪರ್ ಮೆಲ್ಲಗೆ ಆಡಿಸಿದರೆ ಹೂತ ಬಣ್ಣ ಅಲ್ಲಲ್ಲಿ ಇಣುಕುತ್ತದೆ. ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢವಾಗುತ್ತದೆ ಎನ್ನುವುದು ನೆನಪಿರಲಿ. ಎರಡನೇ ಸಲ ಅದೇ ಬಣ್ಣ ಬೆರೆಯುವುದಿಲ್ಲ. ಬೇಕಾದ್ದಕ್ಕಿಂತ ಒಂದೂವರೆ ಪಾಲು ಮೊದಲೇ ಬೆರೆಸಿ ಮುಚ್ಚಳ ಇರುವ ಡಬ್ಬಿಯಲ್ಲಿಡಿ.

ಉಳಿತಾಯಕ್ಕೆಂದು ಗೋಡೆಯ ಎಮಲ್ಷನ್ ಹಚ್ಚಿ ನೋಡಿದೆ. ದುಡ್ಡು ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಆದರೆ ಅಗ್ಗದ ಮ್ಯಾಟ್ ಎಮಲ್ಷನ್‌ನಲ್ಲಿ ಪುಡಿ ಜಾಸ್ತಿ, ಅಂಟು ಕಡಿಮೆ. ಕೈ ಸವರಿದ ಕಡೆ ಹೊಳಪಿನ ಗುರುತು ಬಿತ್ತು. ಈಗ ಬಣ್ಣದ ದುಡ್ಡನ್ನು ಬೇರೆ ಥರ ಉಳಿಸುತ್ತೇನೆ: ಕೆಳಗೆ ಹೂತುಹೋಗುವುದಕ್ಕೆಲ್ಲ ವಿದ್ಯಾರ್ಥಿ ದರ್ಜೆಯ ಬಣ್ಣ, ಕಾಣುವುದಕ್ಕೆ ಮಾತ್ರ ಒಳ್ಳೆಯದು. ಸಾಮಾನಿನ ಖರ್ಚು ಮೊದಲಿನ ಮೂರನೇ ಒಂದು ಪಾಲಿಗೆ ಇಳಿದಿದೆ. ಮುಚ್ಚಲು ನಾನು ಬಳಸುವ ಬೂದು ನೀಲಿ ಬಣ್ಣಕ್ಕೆ ಟ್ಯೂಬಿನ ಕಪ್ಪು ಹಾಕುವುದಿಲ್ಲ. ಮೂರು ಬಣ್ಣ ಸೇರುತ್ತವೆ, ಒಂದು ಅಲ್ಟ್ರಾಮರೀನ್ ಎಂಬ ಗಾಢ ನೀಲಿ. ಉಳಿದೆರಡು ನನ್ನ ಹತ್ತಿರವೇ ಇರಲಿ.

ನಡುವೆ ದಾರಿ ತಪ್ಪಿ ಒಂದಷ್ಟು ಪ್ರಯೋಗ ಮಾಡಿದೆ. ಚಿತ್ರಕಾರ ಪಾಲ್ ಕ್ಲೇ ಬಳಸುತ್ತಿದ್ದ ಎಣ್ಣೆ ಅಚ್ಚಿನ ಗೆರೆ ಅದರಲ್ಲೊಂದು. ಒಂದು ಹಾಳೆಗೆ ಕಪ್ಪು ಎಣ್ಣೆಬಣ್ಣ ತೆಳುವಾಗಿ ಬಳಿದು, ಅದನ್ನು ಇನ್ನೊಂದು ಹಾಳೆಯ ಮೇಲೆ ಮಗುಚಿ ಹಾಕಿ, ಹಿಂದಿನಿಂದ ಚೂಪಾದ ಕಡ್ಡಿಯಲ್ಲಿ ಗೆರೆ ಎಳೆಯುವುದು. ಗೆರೆ ಮುಳ್ಳು ಮುಳ್ಳಾಗಿ ಬರುತ್ತದೆ, ಅಂಗೈ ತಾಗಿದಲ್ಲೆಲ್ಲ ಮಸಿ ಕಲೆ. ಆ ಕಲೆಗಳೇ ರುಚಿ. ಆದರೆ ಎಣ್ಣೆಯ ಮೇಲೆ ಅಕ್ರಿಲಿಕ್ ಬಳಿಯುವ ಹಾಗಿಲ್ಲವಲ್ಲ, ನನ್ನ ಮುಚ್ಚುವ ವಿಧಾನಕ್ಕೆ ಅದು ಒಗ್ಗಲಿಲ್ಲ. ಈಗ ಅದೇ ಕೆಲಸವನ್ನು ಒಣಗಲು ತಡ ಮಾಡುವ ಅಕ್ರಿಲಿಕ್‌ನಲ್ಲಿ ಮಾಡುತ್ತೇನೆ. ಮುಳ್ಳು ಕಡಿಮೆ, ಜಗಳವೂ ಕಡಿಮೆ. ಜೆಲಾಟಿನ್ ಕುದಿನೀರಲ್ಲಿ ಕರಗಿಸಿ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಅಚ್ಚೊತ್ತಿದ್ದೂ ಉಂಟು. ಅಚ್ಚು ಸೊಗಸು. ಕೆಲವೇ ದಿನದಲ್ಲಿ ಬೂಸ್ಟು ಹಿಡಿದು ನಾರಿತು. ಗ್ಲಿಸರಿನ್ ಜಾಸ್ತಿ ಸೇರಿಸಿದ ಮೇಲೆ ತಿಂಗಳುಗಟ್ಟಲೆ ಬಂತು.

ಮಾರಾಟದ ಮಾತು. ಮೊದಲ ಪ್ರದರ್ಶನದಲ್ಲಿ ಇಪ್ಪತ್ತರ ಆಸುಪಾಸು ಚಿತ್ರ ಇಟ್ಟಿದ್ದೆ, ಎಲ್ಲ ಕಾಗದದ ಮೇಲಿನವು. ನಾಲ್ಕೈದು ಹೋದವು. ಬಂದ ದುಡ್ಡು ಫ್ರೇಮು, ಗಾಜಿನ ಖರ್ಚಿನ ಅರ್ಧಕ್ಕೂ ಸಾಲಲಿಲ್ಲ. ಈಗ ಹಲಗೆಯ ದಪ್ಪ ಪಕ್ಕಕ್ಕೂ ಅದೇ ಮುಚ್ಚುವ ಬಣ್ಣ ಬಳಿದು ಹಾಗೇ ನೇತು ಹಾಕುತ್ತೇನೆ. ಫ್ರೇಮೇ ಬೇಡ. ಅಂಗೈಯಗಲದ ಚಿಕ್ಕವು ಬೇಗ ಹೋಗುತ್ತವೆ, ಆದರೆ ಕಾಲು ಹುಡುಕುವ ಶ್ರಮ ಚಿಕ್ಕದಕ್ಕೂ ಅಷ್ಟೇ. ಲೆಕ್ಕ ಹಾಕಿದರೆ ಒಂದೂವರೆ ಅಡಿಯವು ಕೈ ಹಿಡಿಯುತ್ತವೆ. ಕಳೆದ ಸಲ ಇಟ್ಟದ್ದರಲ್ಲಿ ಮುಕ್ಕಾಲು ಪಾಲು ಹೋದವು, ಮೂರು ಕಾಲಿನ ನಾಯಿ ಮೊದಲ ದಿನವೇ.

ಕಳಿಸುವಾಗ ಮಾತ್ರ ಹುಷಾರು. ಅಕ್ರಿಲಿಕ್ ಒಣಗಿದ ಮೇಲೂ ಬಿಸಿಗೆ ಮೆತ್ತಗಾಗುತ್ತದೆ. ಮುಖಕ್ಕೆ ಮುಖ ಜೋಡಿಸಿಟ್ಟ ಎರಡು ಹಲಗೆ ಅಂಟಿಕೊಂಡು, ಬಿಡಿಸುವಾಗ ಒಂದರ ಹಕ್ಕಿ ಇನ್ನೊಂದಕ್ಕೆ ಹೋಯಿತು. ಕೆಲವು ವಾರ ಕಾದು, ವಾರ್ನಿಶ್ ತೆಳುವಾಗಿ ಎರಡು ಕೋಟ್ ಕೊಟ್ಟು, ಅದೂ ಚೆನ್ನಾಗಿ ಒಣಗಿದ ಮೇಲೆ ಮುಖಕ್ಕೆ ಸಿಲಿಕಾನ್ ಕಾಗದ ಹಾಕಿ. ಬಬಲ್ ರ‍್ಯಾಪ್ ಸುತ್ತುವಾಗ ಗುಳ್ಳೆಗಳು ಹೊರಗಿರಲಿ, ಇಲ್ಲದಿದ್ದರೆ ಕೊಂಡವರಿಗೆ ಸಪಾಟು ಬಣ್ಣದ ಮೇಲೆ ಗುಂಡಗಿನ ಚುಕ್ಕೆಗಳ ಸಾಲೊಂದು ಪುಕ್ಕಟೆ ಸಿಗುತ್ತದೆ.