ಮಂಡ್ಯದ ಬಾವಿಯಲ್ಲಿ ಪಳಗಿಸಿದ ಆರ್‌ಒವಿ

ನಾವು ಕಟ್ಟಿದ ಆರ್‌ಒವಿ (ದಡದಿಂದ ಕೇಬಲ್ ಮೂಲಕ ನಡೆಸುವ ನೀರಿನೊಳಗಿನ ಯಂತ್ರ) 30 ಮೀಟರ್ ಆಳಕ್ಕೆ ಲೆಕ್ಕ ಹಾಕಿದ್ದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000 ಯಂತ್ರ 2010ರಲ್ಲಿ ಮಧ್ಯ ಹಿಂದೂ ಮಹಾಸಾಗರದಲ್ಲಿ 5,289 ಮೀಟರ್ ಇಳಿದು ತಳ ಮುಟ್ಟಿತ್ತು. ಗಾತ್ರದಲ್ಲಿ, ಖರ್ಚಿನಲ್ಲಿ ಅಜಗಜಾಂತರ. ಆದರೆ ಕೈ ಕೊಡುವ ಜಾಗಗಳು ಎರಡರಲ್ಲೂ ಒಂದೇ. ನೀರು ಒಳಗೆ ನುಗ್ಗುತ್ತದೆ, ತೂಕ ತಪ್ಪುತ್ತದೆ, ಇಲ್ಲವೇ ಕೇಬಲ್ ತೊಂದರೆ ಕೊಡುತ್ತದೆ. ಇವನ್ನೆಲ್ಲ ಮಂಡ್ಯದ ತೋಟದ ಬಾವಿಯಲ್ಲೇ ಸರಿಪಡಿಸಿಕೊಂಡು ಕರಾವಳಿಗೆ ಹೋಗಬಹುದು. ಅಣೆಕಟ್ಟಿನ ನೀರಿಗೆ ಇಳಿಸಲು ಅನುಮತಿ ಬೇಕು. ತೋಟದ ಬಾವಿಗೆ ಯಜಮಾನರ ಒಪ್ಪಿಗೆ ಸಾಕು.

ಮೊದಲು ಕೊಳವೆ. ಕ್ಯಾಮೆರಾ, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಬ್ಯಾಟರಿ ಎಲ್ಲ ಕೂರುವುದು ಸುಮಾರು 100 ಮಿ.ಮೀ. ಒಳವ್ಯಾಸದ ಅಕ್ರಿಲಿಕ್ ಕೊಳವೆಯಲ್ಲಿ. ಎರಡು ತುದಿಗೂ ಅಲ್ಯೂಮಿನಿಯಂ ಮುಚ್ಚಳ, ಪ್ರತಿ ಮುಚ್ಚಳಕ್ಕೆ ಎರಡು ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ). ಮುಂದಿನ ಮುಚ್ಚಳದ ನಡುವೆ ಕ್ಯಾಮೆರಾಗೆ ಚಪ್ಪಟೆ ಅಕ್ರಿಲಿಕ್ ಕಿಟಕಿ. ಮೈಸೂರಿನ ಮೇಟಗಳ್ಳಿ, ಹೆಬ್ಬಾಳ ಕಡೆ ಲೇತ್ ಕೆಲಸಕ್ಕೆ ಕೊರತೆಯಿಲ್ಲ. ಲೇತ್‌ನವರಿಗೆ 'ಟೈಟಾಗಿ ಮಾಡಿ' ಅಂದರೆ ಸಾಲದು, ಅಳತೆ ಬರೆದು ಕೊಡಬೇಕು. 3 ಮಿ.ಮೀ. ದಪ್ಪದ ನೈಟ್ರೈಲ್ ರಿಂಗ್‌ಗೆ ಮುಚ್ಚಳದಲ್ಲಿ ಕಡೆಯುವ ತೋಡು 2.4 ಮಿ.ಮೀ. ಆಳ, 4 ಮಿ.ಮೀ. ಅಗಲ ಇರಲಿ. ಆಗ ರಿಂಗ್ ಶೇ. 20ರಷ್ಟು ಅದುಮಿಕೊಳ್ಳುತ್ತದೆ, ಅಕ್ಕಪಕ್ಕ ಹಿಗ್ಗಲು ಜಾಗವೂ ಉಳಿಯುತ್ತದೆ. ಕೊಳವೆಯ ಒಳವ್ಯಾಸವನ್ನು ವರ್ನಿಯರ್‌ನಲ್ಲಿ ನಾಲ್ಕು ದಿಕ್ಕಿನಿಂದ ಅಳೆದ ಮೇಲೆಯೇ ಮುಚ್ಚಳ ಕಡೆಸಿ. ಅಗ್ಗದ ಅಕ್ರಿಲಿಕ್ ಕೊಳವೆ ನೋಡಲು ದುಂಡಗಿದ್ದರೂ ಒಂದು ಕಡೆ ಅರ್ಧ ಮಿ.ಮೀ. ಮೊಟ್ಟೆಯಾಕಾರ ಇರುತ್ತದೆ, ಆ ಬದಿಯಲ್ಲೇ ನೀರು ಜಿನುಗುವುದು. 30 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂ.ಮೀ.ಗೆ 3 ಕೆ.ಜಿ. ಒತ್ತಡ, ಅಂದರೆ ಒಂದೊಂದು ಮುಚ್ಚಳದ ಮೇಲೆ 235 ಕೆ.ಜಿ. ಭಾರ. ಅದೇ ಮುಚ್ಚಳ ರೋಸಬ್ ಹೋದ ಆಳಕ್ಕೆ ಹೋದರೆ ಭಾರ 40 ಟನ್ ದಾಟುತ್ತದೆ, ಎರಡು ಲಾರಿ ಲೋಡು ಕಬ್ಬಿನ ತೂಕ.

ಗ್ರೀಸ್ ಜಾಸ್ತಿ ಹಚ್ಚಿದರೆ ಭದ್ರ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಸಿಲಿಕೋನ್ ಗ್ರೀಸ್ ರಿಂಗ್ ಹೊಳೆಯುವಷ್ಟಿದ್ದರೆ ಸಾಕು. ಮೆತ್ತಿದರೆ ಮರಳು, ಬಟ್ಟೆಯ ಎಳೆ ಅಂಟುತ್ತವೆ, ಒಂದು ತಲೆಗೂದಲು ಅಡ್ಡ ಬಿದ್ದರೂ ಸೋರಿಕೆಗೆ ದಾರಿ. ಇನ್ನು ಹಾರ್ಡ್‌ವೇರ್ ಅಂಗಡಿಯ ಹುಳಿ ವಾಸನೆಯ ಸಿಲಿಕೋನ್ ಸೀಲಂಟನ್ನು ಕೊಳವೆಯ ಒಳಗೆ ತರಲೇಬೇಡಿ. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ಹಸಿರುಗಟ್ಟಿಸುತ್ತದೆ.

ವೈರ್ ಒಳಗೆ ಹೋಗುವ ತೂತು ಇದಕ್ಕಿಂತ ಕಿರಿಕಿರಿಯ ಜಾಗ. ಕೇಬಲ್‌ನ ಹೊರಪೊರೆಗೆ ಎಪಾಕ್ಸಿ ಸುರಿದು ಬಿಟ್ಟರೆ ಕೆಲಸ ಮುಗಿಯಲಿಲ್ಲ. ಹೊರಪೊರೆ ಎಲ್ಲೋ ಮೂರು ಮೀಟರ್ ಆಚೆ ಕಲ್ಲಿಗೆ ತರಚಿದರೂ ನೀರು ವೈರ್‌ಗಳ ಸಂದಿನಲ್ಲೇ ಹರಿದು ಬಂದು ಕೊಳವೆಯೊಳಗೆ ತೊಟ್ಟಿಕ್ಕುತ್ತದೆ. ಆದ್ದರಿಂದ ಎಪಾಕ್ಸಿ ತುಂಬುವ ಜಾಗದಲ್ಲಿ ಹೊರಪೊರೆ ಸುಲಿದು, ಒಳವೈರ್‌ಗಳನ್ನು ಬಿಡಿಬಿಡಿಯಾಗಿ ಹರಡಿ, ಪ್ರತಿಯೊಂದರ ಮೇಲೂ ಒಂದು ಸೆಂ.ಮೀ.ನಷ್ಟು ಬರಿ ತಾಮ್ರ ಕಾಣುವಂತೆ ಮಾಡಿ, ಒಂದಕ್ಕೊಂದು ತಾಗದಂತೆ ನೋಡಿಕೊಂಡು ಎಪಾಕ್ಸಿ ಸುರಿಯಬೇಕು. ನೀರು ಅಲ್ಲಿಗೆ ಬಂದು ನಿಲ್ಲುತ್ತದೆ.

ನೀರಿಗಿಳಿಸುವ ಮುಂಚೆ ಗಾಳಿ ಎಳೆದು ಪರೀಕ್ಷೆ. ಬ್ರೇಕ್ ಬ್ಲೀಡ್ ಮಾಡುವ ಕೈಪಂಪ್ ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. ಗೇಜಿನಲ್ಲಿ 10 ಇಂಚು ಪಾದರಸದಷ್ಟು ನಿರ್ವಾತ ಎಳೆದು 15 ನಿಮಿಷ ಬಿಡಿ. ಒಂದು ಇಂಚಿಗಿಂತ ಹೆಚ್ಚು ಇಳಿದರೆ ಎಲ್ಲೋ ಸೋರಿಕೆ ಇದೆ. ಪರೀಕ್ಷೆ ನೆರಳಿನಲ್ಲಿ ಮಾಡಿ. ಬಿಸಿಲಿಗೆ ಕೊಳವೆ ಕಾದರೆ ಒಳಗಾಳಿ ಹಿಗ್ಗಿ ಮುಳ್ಳು ಸುಮ್ಮಸುಮ್ಮನೆ ಇಳಿಯುತ್ತದೆ, ಇಲ್ಲದ ಸೋರಿಕೆ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ. ಮಳೆಗಾಲದಲ್ಲಿ ಕೊಳವೆ ಮುಚ್ಚಿದರೆ ಒಳಗಿನ ತೇವ ತಣ್ಣೀರಿನಲ್ಲಿ ಮಂಜಾಗಿ ಕಿಟಕಿಗೆ ಕೂರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿ.

ಚೌಕಟ್ಟು ಅರ್ಧ ಇಂಚಿನ ಪಿವಿಸಿ ಪೈಪು. ಪೈಪಿನಲ್ಲಿ ತೂತು ಕೊರೆದು ನೀರು ತುಂಬಲು ಬಿಡಬೇಕು, ಇಲ್ಲವಾದರೆ ಸಿಕ್ಕಿಕೊಂಡ ಗಾಳಿ ಒಂದೊಂದು ಸಲ ಒಂದೊಂದು ಕಡೆಗೆ ವಾಲಿಸುತ್ತದೆ. ಮೂರು ಥ್ರಸ್ಟರ್ (ನೀರು ತಳ್ಳಿ ಯಂತ್ರ ಓಡಿಸುವ ಮೋಟಾರು ಫ್ಯಾನ್): ಅಡ್ಡಕ್ಕೆ ಎರಡು, ಮೇಲೆ ಕೆಳಗೆ ಮಾಡಲು ಒಂದು.

ಕರೆಂಟನ್ನು ದಡದಿಂದಲೇ ಕಳಿಸೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡಿ. ಕ್ಯಾಟ್-5 ಕೇಬಲ್‌ನ ಒಂದು ಎಳೆಗೆ 30 ಮೀಟರ್‌ಗೆ ಸುಮಾರು 2.5 ಓಮ್. ಹೋಗಲು ಮೂರು, ಬರಲು ಮೂರು ಎಳೆ ಜೋಡಿಸಿದರೂ ಒಟ್ಟು 1.7 ಓಮ್ ಆಗುತ್ತದೆ. 4 ಆಂಪ್ ಎಳೆದರೆ 12 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 7 ವೋಲ್ಟ್ ದಾರಿಯಲ್ಲೇ ಹೋಯಿತು. ಬೋರ್‌ವೆಲ್‌ಗೆ ಹಾಕುವ 1.5 ಚದರ ಮಿ.ಮೀ. ಚಪ್ಪಟೆ ಕೇಬಲ್‌ನಲ್ಲಿ ನಷ್ಟ 3 ವೋಲ್ಟ್‌ಗೆ ಇಳಿದರೂ ಅದರ ಬಿರುಸಿಗೆ ಯಂತ್ರ ತಿರುಗುವುದೇ ಇಲ್ಲ. ಬ್ಯಾಟರಿ ಯಂತ್ರದಲ್ಲೇ ಇಟ್ಟು, ಕ್ಯಾಟ್-5ರಲ್ಲಿ ಚಿತ್ರ ಮತ್ತು ಆದೇಶ ಮಾತ್ರ ಕಳಿಸುವುದು ಸರಿ. ಆಳಸಮುದ್ರದ ಯಂತ್ರಗಳಿಗೆ ಹಡಗಿನಿಂದ ಸಾವಿರಾರು ವೋಲ್ಟ್ ಕಳಿಸಿ ಕೆಳಗೆ ಇಳಿಸಿಕೊಳ್ಳುತ್ತಾರೆ. ಗದ್ದೆಯ ಟಿಸಿವರೆಗೆ 11 ಕೆವಿ ಲೈನ್ ಬರುವುದಕ್ಕೂ ಕಾರಣ ಇದೇ.

ಬೋರ್‌ವೆಲ್ ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಇನ್ನೊಂದು ವಿಷಯ ಇಲ್ಲಿ ನೆನಪಿಸಿಕೊಳ್ಳಬೇಕು. ನೀರು ತುಂಬಿದ ಸಬ್‌ಮರ್ಸಿಬಲ್ ಮೋಟಾರಿನ ತಳದಲ್ಲಿ ರಬ್ಬರ್ ಡಯಾಫ್ರಮ್ ಇರುತ್ತದೆ. ಹೊರಗಿನ ಒತ್ತಡ ಅದರ ಮೂಲಕ ಒಳಗೂ ಅಷ್ಟೇ ಆಗುವುದರಿಂದ ಸೀಲಿನ ಮೇಲೆ ಭಾರ ಬೀಳುವುದಿಲ್ಲ. ಆಳಸಮುದ್ರದ ಆರ್‌ಒವಿಗಳ ಥ್ರಸ್ಟರ್, ಜಂಕ್ಷನ್ ಬಾಕ್ಸ್‌ಗಳಿಗೆ ಎಣ್ಣೆ ತುಂಬಿ ಇದೇ ಉಪಾಯ ಮಾಡುತ್ತಾರೆ. ಗಾಳಿ ಇರಲೇಬೇಕಾದ ಭಾಗಗಳಿಗೆ ಮಾತ್ರ ಟೈಟಾನಿಯಂನಂಥ ದಪ್ಪ ಲೋಹದ ಡಬ್ಬಿ.

ತೂಕ ಹೊಂದಿಸುವುದಕ್ಕೆ ಒಂದು ಇಡೀ ದಿನ ಇಟ್ಟುಕೊಳ್ಳಿ. ನಮ್ಮದು 9 ಲೀಟರ್ ನೀರು ಪಲ್ಲಟಿಸುತ್ತದೆ, ತೂಕ 8.88 ಕೆ.ಜಿ. ಅಂದರೆ ಸಿಹಿನೀರಿನಲ್ಲಿ 120 ಗ್ರಾಂ ಹಗುರ, ಬಿಟ್ಟರೆ ನಿಧಾನಕ್ಕೆ ಮೇಲೇಳುತ್ತದೆ. ಇದು ಬೇಕೆಂದೇ ಇಟ್ಟಿದ್ದು. ಬ್ಯಾಟರಿ ಸತ್ತರೆ ತಾನಾಗಿ ಮೇಲೆ ಬರುತ್ತದೆ ಎನ್ನುವುದು ಒಂದು ಲಾಭ. ಅದಕ್ಕಿಂತ ದೊಡ್ಡದು ತಳದಲ್ಲಿ ಗೊತ್ತಾಗುತ್ತದೆ: ಹಗುರ ಯಂತ್ರವನ್ನು ಕೆಳಗೆ ಹಿಡಿದಿಡಲು ಥ್ರಸ್ಟರ್ ನೀರನ್ನು ಮೇಲಕ್ಕೆ ಚಿಮ್ಮುತ್ತದೆ, ಕೆಸರು ಅಲುಗುವುದಿಲ್ಲ. ಭಾರದ ಯಂತ್ರವನ್ನು ಎತ್ತಿ ಹಿಡಿಯಲು ನೀರು ಕೆಳಕ್ಕೆ ಚಿಮ್ಮಬೇಕು. ಆಗ ಒಂದೇ ಕ್ಷಣದಲ್ಲಿ ಪರದೆ ತುಂಬ ರಾಗಿ ಅಂಬಲಿ. ಕೊನೆಯ ಹತ್ತಿಪ್ಪತ್ತು ಗ್ರಾಂ ಸರಿದೂಗಿಸಲು ಟೈರ್ ಅಂಗಡಿಯ ಬ್ಯಾಲೆನ್ಸಿಂಗ್ ತೂಕಗಳು ಚೆನ್ನ, ಆದರೆ ಅವುಗಳ ಅಂಟನ್ನು ನಂಬದೆ ಕೇಬಲ್ ಟೈ ಹಾಕಿ. ತೇಲಿಸಲು ಮೆತ್ತನೆಯ ಫೋಮ್ ಬೇಡ. 10 ಮೀಟರ್‌ಗೆ ಒತ್ತಡ ಇಮ್ಮಡಿಯಾಗಿ ಫೋಮ್ ಕುಗ್ಗುತ್ತದೆ, ಮೇಲೆ ತೇಲುತ್ತಿದ್ದದ್ದು ಕೆಳಗೆ ಮುಳುಗುತ್ತದೆ. ಎರಡೂ ತುದಿ ಮುಚ್ಚಿದ ಪಿವಿಸಿ ಪೈಪು ನಮ್ಮ ಆಳಕ್ಕೆ ಸಾಕು. ಆಳಕ್ಕೆ ಹೋಗುವವರು ಗಾಜಿನ ಸೂಕ್ಷ್ಮ ಗುಳ್ಳೆಗಳನ್ನು ಎಪಾಕ್ಸಿಯಲ್ಲಿ ಕಲಸಿದ ಗಟ್ಟಿ ಫೋಮ್ ಬಳಸುತ್ತಾರೆ.

ದೀಪಗಳನ್ನು ಕ್ಯಾಮೆರಾದ ಪಕ್ಕದಲ್ಲೇ ಇಟ್ಟರೆ ನೀರಿನ ಕಣಗಳೆಲ್ಲ ಹೊಳೆದು, ಡಿಸೆಂಬರ್ ಬೆಳಗಿನ ಮಂಜಿನಲ್ಲಿ ಹೈಬೀಮ್ ಹಾಕಿ ಚಾಮುಂಡಿ ಬೆಟ್ಟ ಹತ್ತಿದಂತಾಗುತ್ತದೆ. ಒಂದೊಂದು ಬದಿಗೆ 30 ಸೆಂ.ಮೀ. ದೂರ ಚಾಚಿ, ತುಸು ಓರೆ ಮಾಡಿ. ಜೀವಿಯ ಗಾತ್ರ ತಿಳಿಯಲು 10 ಸೆಂ.ಮೀ. ಅಂತರದಲ್ಲಿ ಸಮಾನಾಂತರವಾಗಿ ಎರಡು ಲೇಸರ್ ಕೂರಿಸಿ. ಎರಡು ಚುಕ್ಕೆ ಮೈಮೇಲೆ ಬಿದ್ದರೆ ಅಳತೆಪಟ್ಟಿ ಇಟ್ಟಂತೆಯೇ. ಸಮುದ್ರಕ್ಕೆ ಹಸಿರು ಲೇಸರ್ ಒಳ್ಳೆಯದು, ಕೆಂಪು ಬೆಳಕನ್ನು ನೀರು ಬೇಗ ನುಂಗುತ್ತದೆ. ಹೊಂದಾಣಿಕೆಯನ್ನು ನೀರಿನೊಳಗೆ ಸ್ಟೀಲ್ ಸ್ಕೇಲ್ ಮೇಲೆ ಬಿಟ್ಟು ನೋಡಿ. ಚಪ್ಪಟೆ ಗಾಜಿನ ಹಿಂದಿನಿಂದ ತುಸು ಓರೆಯಾಗಿ ಹೊರಟ ಕಿರಣ ನೀರಿನಲ್ಲಿ ಬೇರೆ ಕೋನಕ್ಕೆ ಬಾಗುತ್ತದೆ.

ಜೀವಿಗಳನ್ನು ಬೆನ್ನಟ್ಟಬೇಡಿ. ಬಾವಿಯ ಜಿಲೇಬಿ ಮೀನು ಥ್ರಸ್ಟರ್ ಸದ್ದಿಗೆ ಕಲ್ಲುಸಂದಿಗೆ ಸೇರುತ್ತದೆ. ಥ್ರಸ್ಟರ್ ನಿಲ್ಲಿಸಿ, ಕಟ್ಟೆಗಲ್ಲಿನ ಕೆಳಗೆ ಒರಗಿಸಿ ಐದು ನಿಮಿಷ ಸುಮ್ಮನಿದ್ದರೆ ತಾನೇ ಬಂದು ಗಾಜು ಮೂಸುತ್ತದೆ. ಆಳಸಮುದ್ರದ ಬಹುತೇಕ ಮೀನುಗಳ ಕಣ್ಣಿಗೆ ಕೆಂಪು ಕಾಣದು, ಅದಕ್ಕೇ ಹತ್ತಿರದಿಂದ ನೋಡಲು ಅಲ್ಲಿ ಕೆಂಪು ದೀಪ ಬಳಸುತ್ತಾರೆ. ಬಲೆಗೆ ಸಿಕ್ಕರೆ ಲೋಳೆಯಾಗಿಬಿಡುವ ಅಂಬಲಿಮೀನಿನಂಥ (ಜೆಲ್ಲಿಫಿಶ್) ಮೆದು ಜೀವಿಗಳು ಅಲ್ಲಿ ಎಷ್ಟಿವೆ ಎಂಬುದು ತಿಳಿದದ್ದು ಇಂಥ ಯಂತ್ರಗಳಿಂದಲೇ. ಥ್ರಸ್ಟರ್ ಹತ್ತಿರ ಒಯ್ದರೆ ಅವು ಚಿಂದಿಯಾಗುತ್ತವೆ.

ಕಡಲ ನೀರು ಶೇ. 2.5ರಷ್ಟು ಭಾರ. ಬಾವಿಯಲ್ಲಿ ಸರಿಯಿದ್ದ 9 ಲೀಟರ್ ಯಂತ್ರ ಅಲ್ಲಿ ಇನ್ನೂ 225 ಗ್ರಾಂ ಹಗುರವಾಗಿ ಬಿರಡೆಯಂತೆ ತೇಲುತ್ತದೆ. ದೋಣಿಯಲ್ಲಿ ಕೂತು ಪರದಾಡುವ ಬದಲು ಮನೆಯಲ್ಲೇ ನೀಲಿ ಡ್ರಮ್ಮಿಗೆ 170 ಲೀಟರ್ ನೀರು, 6 ಕೆ.ಜಿ. ಕಲ್ಲುಪ್ಪು ಕರಗಿಸಿ ನೋಡಿಕೊಳ್ಳಿ. ದನ ಕುಡಿಯುವ ತೊಟ್ಟಿ ಮಾತ್ರ ಬೇಡ. 225 ಗ್ರಾಂ ಸ್ಟೀಲ್ ಪಟ್ಟಿಯನ್ನು ಬೇರೆಯಾಗಿ ಕತ್ತರಿಸಿ, ಕೆಂಪು ಬಣ್ಣ ಬಳಿದು, ಎರಡು ಬೋಲ್ಟಿನಲ್ಲಿ ಬಿಚ್ಚುವಂತೆ ಕೂರಿಸಿ. ಪಟ್ಟಿ ನೀರಿನಲ್ಲಿ ತನ್ನ ತೂಕದ ಎಂಟನೇ ಒಂದು ಪಾಲು ಕಳೆದುಕೊಳ್ಳುವುದರಿಂದ 30 ಗ್ರಾಂ ಹೆಚ್ಚಿಗೆ ಇರಲಿ.

ಕಡಲಿಂದ ಬಂದ ಮೇಲೆ ಅರ್ಧ ಗಂಟೆ ಸಿಹಿನೀರಿನಲ್ಲಿ ಮುಳುಗಿಸಿ, ಥ್ರಸ್ಟರ್‌ಗಳನ್ನು ಅದರಲ್ಲೇ ಒಂದು ನಿಮಿಷ ಓಡಿಸಿ. ಇಲ್ಲವಾದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಮತ್ತೆ ಮಂಡ್ಯದ ಬಾವಿಗೆ ಬಿಡುವ ಮುನ್ನ ಆ ಕೆಂಪು ಪಟ್ಟಿ ತೆಗೆಯಿರಿ. ಮರೆತರೆ ಯಂತ್ರ ನೂರು ಗ್ರಾಂ ಭಾರವಾಗಿ ಸೀದಾ ತಳಕ್ಕೆ ಹೋಗುತ್ತದೆ, ಕೇಬಲ್ ಪಂಪಿನ ಫುಟ್‌ವಾಲ್ವ್‌ಗೆ ಸುತ್ತಿಕೊಂಡರೆ ಪಕ್ಕದ ಮನೆಯಿಂದ ಪಾತಾಳಗರಡಿ ತರಬೇಕಾಗುತ್ತದೆ.